ಪ್ರಾಣವಾಯುವಿನ ಇನ್ನೊಂದು ಮುಖ



ಮುಂಬಯಿಯ ಉಪ್ಪುಗಾಳಿಯಲ್ಲಿ ಬೆಳೆದ ನಿಮಗೆ ತುಕ್ಕು ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಬಾಲ್ಕನಿಯ ಗ್ರಿಲ್ಲಿಗೆ ಬಣ್ಣ ಹೊಡೆಸಿ ಎರಡು ಮಳೆಗಾಲ ಕಳೆಯುವುದರೊಳಗೆ ಮೂಲೆ ಮೂಲೆಯಿಂದ ಕೆಂಪು ಪುಡಿ ಉದುರತೊಡಗುತ್ತದೆ. ದೀಪಾವಳಿಯ ಚಕ್ಕುಲಿ ಡಬ್ಬಿಯ ತಳದಲ್ಲಿ ಮರೆತುಹೋಗಿ ಸಂಕ್ರಾಂತಿಗೆ ಸಿಕ್ಕರೆ ಕಮಟು ವಾಸನೆ ಹೊಡೆಯುತ್ತದೆ. ನನ್ನ ಹೆಂಡತಿ ಉಡುಪಿ ಕಡೆಯವಳು. ಮಾಟುಂಗಾ ಮಾರ್ಕೆಟ್ಟಿನಿಂದ ಬಾಳೆದಿಂಡು ತಂದ ದಿನ, ಹೆಚ್ಚಿದ ಹೋಳುಗಳನ್ನು ಒಂದು ಕ್ಷಣವೂ ಹೊರಗಿಡದೆ ಮಜ್ಜಿಗೆ ಬೆರೆಸಿದ ನೀರಿಗೆ ಹಾಕುತ್ತಾಳೆ. ಇಲ್ಲದಿದ್ದರೆ ಕಪ್ಪಾಗುತ್ತದೆ. (ಧಾರವಾಡದವನಾದ ನನಗೆ ಬಾಳೆದಿಂಡನ್ನು ತಿನ್ನಬಹುದೆಂದು ತಿಳಿದದ್ದೇ ಮದುವೆಯಾದ ಮೇಲೆ. ಅದು ಬೇರೆ ಕಥೆ.)

ಗ್ರಿಲ್ಲಿನ ತುಕ್ಕು, ಚಕ್ಕುಲಿಯ ಕಮಟು, ದಿಂಡಿನ ಕಪ್ಪು, ಈ ಮೂರರ ಹಿಂದೆಯೂ ಇರುವುದು ಗಾಳಿಯಲ್ಲಿರುವ ಆಮ್ಲಜನಕ. ನಾವು ಪ್ರಾಣವಾಯು ಎಂದು ಗೌರವದಿಂದ ಕರೆಯುವುದೂ ಅದನ್ನೇ. ಆಮ್ಲಜನಕವು ಇನ್ನೊಂದು ವಸ್ತುವಿನಿಂದ ಎಲೆಕ್ಟ್ರಾನುಗಳನ್ನು ಕಸಿದುಕೊಳ್ಳುವ ಈ ಕ್ರಿಯೆಗೆ ಊರಿನ ಪಠ್ಯಪುಸ್ತಕಗಳಲ್ಲಿ ಉತ್ಕರ್ಷಣ ಎನ್ನುತ್ತಾರೆ. ನೀವು ಶಾಲೆಯಲ್ಲಿ ಓದಿದ ಆಕ್ಸಿಡೇಶನ್ನೇ ಇದು. ಹೆಸರು ಕಂಡು ಹೆದರಬೇಡಿ. ಕಬ್ಬಿಣವನ್ನು ತಿನ್ನುವ ಇದೇ ವಾಯುವನ್ನು ನಾವು ಹಗಲೂ ರಾತ್ರಿ ಒಳಗೆಳೆದುಕೊಳ್ಳುತ್ತೇವಲ್ಲ, ನಮಗೇಕೆ ತುಕ್ಕು ಹಿಡಿಯುವುದಿಲ್ಲ? ಹಿಡಿಯುತ್ತದೆ. ಆದರೆ ಹಿಡಿದ ಹಾಗೆಯೇ ಅದನ್ನು ಉಜ್ಜಿ ತೆಗೆಯುವವರೂ ನಮ್ಮೊಳಗೆ ಇದ್ದಾರೆ.

ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಜೀವರಸಾಯನ ಶಾಸ್ತ್ರ ಕಲಿಸಿದವನು ನಾನು. ಈ ಪಾಠವನ್ನು ಬಹಳ ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ಅದು ಮನಸ್ಸಿಗೆ ನಾಟಿದ್ದು ಮಾತ್ರ ತರಗತಿಯಲ್ಲಲ್ಲ, ಡೊಂಬಿವಲಿಯ ಒಂದು ಎರಡು ಕೋಣೆಯ ಮನೆಯಲ್ಲಿ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ನನ್ನ ತಂಗಿಯ ಮಗಳಿಗೆ ಗಂಡುಮಗು ಹುಟ್ಟಿತ್ತು. ಬಾಣಂತನಕ್ಕೆಂದು ನನ್ನ ತಂಗಿ ಧಾರವಾಡದಿಂದ ಒಂದು ಟ್ರಂಕು ಹೊತ್ತುಕೊಂಡು ಬಂದಳು. ಅದರಲ್ಲಿ ಅಂಟಿನ ಉಂಡೆಯ ಸಾಮಾನು, ಕೂಸಿನ ಕುಂಚಿಗೆ, ಮತ್ತು ನಮ್ಮ ಅವ್ವ ತನ್ನ ಹಳೆಯ ಸೀರೆಗಳನ್ನೆಲ್ಲ ಸೇರಿಸಿ ಹೊಲಿದ ಒಂದು ಕೌದಿ. ಕೌದಿ ಎಂದರೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ಕೈಯಿಂದ ಹೊಲಿದ ಹೊದಿಕೆ. ಅವ್ವ ತೀರಿಕೊಂಡ ಮೇಲೆ ಅದು ಅಟ್ಟದ ಮೇಲೆ, ಅದೇ ಟ್ರಂಕಿನಲ್ಲಿ, ಡಾಂಬರ ಗುಳಿಗೆಗಳ ನಡುವೆ ವರ್ಷಗಟ್ಟಲೆ ಇತ್ತು. ನುಸಿ ಹತ್ತಬಾರದೆಂದು ಬಟ್ಟೆಯ ನಡುವೆ ಇಡುವ ಬಿಳಿ ಗುಂಡುಗಳು. ನಿಮ್ಮ ಮನೆಯಲ್ಲಿ ನುಸಿಗುಳಿಗೆ ಎನ್ನುತ್ತಿರಬಹುದು. ಅದರಲ್ಲಿರುವ ವಸ್ತು ನಾಫ್ತಲೀನ್.

ಮೂರನೆಯ ದಿನ ಕೂಸು ಮನೆಗೆ ಬಂತು. ಎಣ್ಣೆ ಹಚ್ಚಿ, ನೀರು ಹಾಕಿ, ಕುಂಚಿಗೆ ಕಟ್ಟಿ, ಮುತ್ತಜ್ಜಿಯ ಕೌದಿಯಲ್ಲಿ ಸುತ್ತಿ ಮಲಗಿಸಿದರು. ನೋಡಲು ಹೋದ ನನಗೂ ಆ ವಾಸನೆ ಮೂಗಿಗೆ ಬಡಿದಿತ್ತು. ನನಗದು ಊರಿನ ಮನೆಯ ವಾಸನೆ, ಹಬ್ಬದ ರೇಷ್ಮೆಯ ವಾಸನೆ. ಜೀವರಸಾಯನದ ಮಾಸ್ತರನಾದ ನಾನು ಸಂತೋಷಪಟ್ಟುಕೊಂಡು ಮನೆಗೆ ಬಂದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಆರನೆಯ ದಿನ ಬೆಳಗಿನ ಜಾವ ಫೋನು. “ಮಾಮಾ, ಕೂಸಿನ ಮೈ ಅರಿಷಿಣ ಬಳಿದಂಗ ಆಗ್ಯದ. ಉಚ್ಚಿ ನೋಡಿದ್ರ ಕರೀ ಚಹಾ ಆದಂಗ ಅದ. ಹಾಲೂ ಕುಡೀವಲ್ದು.”

ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ಎರಡು ಮೂರನೆಯ ದಿನ ಸ್ವಲ್ಪ ಹಳದಿ ಬಣ್ಣ ಬರುವುದುಂಟು, ತಾನಾಗಿ ಹೋಗುವುದೂ ಉಂಟು. ಇದು ಹಾಗಿರಲಿಲ್ಲ. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದ ಹಿಮೋಗ್ಲೋಬಿನ್ ಇಳಿದುಹೋಗಿತ್ತು, ಬಿಲಿರುಬಿನ್ ಎಂಬ ಹಳದಿ ವಸ್ತು 20 ದಾಟಿತ್ತು. ಅದು ಇನ್ನಷ್ಟು ಏರಿ ಮಿದುಳನ್ನು ಹೊಕ್ಕರೆ ಮಗು ಉಳಿದರೂ ಕಿವಿ, ಕೈಕಾಲು ಸರಿಯಾಗಿ ಉಳಿಯುವ ಭರವಸೆಯಿಲ್ಲ. ಮಕ್ಕಳ ಡಾಕ್ಟರು ವಯಸ್ಸಾದವರು. ಅವರು ಮಗುವನ್ನು ಮುಟ್ಟುವ ಮೊದಲೇ ಮೂಗೆಳೆದು, ಈ ಬಟ್ಟೆಗೆ ಏನು ವಾಸನೆ ಎಂದು ಕೇಳಿದರು. ಕೌದಿ, ಕುಂಚಿಗೆ ಎಲ್ಲವನ್ನೂ ಆ ಕ್ಷಣವೇ ಹೊರಗೆ ಹಾಕಿಸಿದರು. ಮಗುವನ್ನು ನೀಲಿ ದೀಪದ ಕೆಳಗೆ ಮಲಗಿಸಿದರು. ಅಂದು ರಾತ್ರಿ ಸ್ವಲ್ಪ ಸ್ವಲ್ಪವಾಗಿ ಅದರ ರಕ್ತ ತೆಗೆದು ಬೇರೆ ರಕ್ತ ಕೊಟ್ಟರು. ನನ್ನ ತಂಗಿ ಕಾರಿಡಾರಿನಲ್ಲಿ ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎಸೆಯಲೂ ಆಗದು, ಹಿಡಿಯಲೂ ಆಗದು.

ಮಗು ಉಳಿಯಿತು. ಅದರ ಮುಂದಿನ ಕಥೆಯನ್ನು ಆಮೇಲೆ ಹೇಳುತ್ತೇನೆ. ಬಟ್ಟೆಯ ವಾಸನೆಗೂ ರಕ್ತಕ್ಕೂ ಏನು ಸಂಬಂಧ? ಅದನ್ನು ತಿಳಿಯಲು ಒಂದು ಕೆಂಪು ರಕ್ತಕಣದ ಒಳಗೆ ಹೋಗಿ ಬರೋಣ.

ಪರಮಾಣುಗಳಲ್ಲಿ, ಅಣುಗಳಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿ ಜೋಡಿಯಾಗಿ ಇರುತ್ತವೆ. ಜೋಡಿ ತಪ್ಪಿದ ಎಲೆಕ್ಟ್ರಾನ್ ಇರುವ ಅಣುವಿಗೆ ಫ್ರೀ ರ್‍ಯಾಡಿಕಲ್ ಎಂದು ಹೆಸರು. ಅದು ಸುಮ್ಮನಿರಲಾರದು, ಪಕ್ಕದ ಅಣುವಿನಿಂದ ಒಂದು ಎಲೆಕ್ಟ್ರಾನ್ ಕಸಿದು ತಾನು ಸಮಾಧಾನವಾಗುತ್ತದೆ. ಕಳೆದುಕೊಂಡ ಅಣು ಈಗ ಅದೇ ದಾರಿ ಹಿಡಿಯುತ್ತದೆ. ವಿರಾರ್ ಲೋಕಲ್ಲಿನಲ್ಲಿ ಕಿಸೆ ಕಳೆದುಕೊಂಡವನು ಪಕ್ಕದವನ ಕಿಸೆಗೆ ಕೈ ಹಾಕಿ, ಅವನು ಮತ್ತೊಬ್ಬನ ಕಿಸೆಗೆ ಕೈ ಹಾಕಿ, ಹೀಗೆ ಇಡೀ ಡಬ್ಬಿಯೇ ಕಳ್ಳರದ್ದಾದರೆ ಹೇಗೋ ಹಾಗೆ. ಚಕ್ಕುಲಿಯ ಎಣ್ಣೆ ಕಮಟಾಗುವುದು ಇದೇ ಸರಪಳಿಯಿಂದ. ನಮ್ಮ ಪ್ರತಿಯೊಂದು ಜೀವಕೋಶದ ಹೊರಪದರವೂ ಕೊಬ್ಬಿನದೇ ಆದ್ದರಿಂದ ಅಲ್ಲಿಯೂ ಈ ಸರಪಳಿ ಓಡಬಲ್ಲದು. ಆಗ ಪದರ ಸೋರುತ್ತದೆ. ಪ್ರೋಟೀನುಗಳು ಮುದುಡುತ್ತವೆ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಗ್ವಾನಿನ್ ಎಂಬುದಕ್ಕೆ ಏಟು ಬಿದ್ದರೆ ನಕಲು ಮಾಡುವಾಗ ಒಂದು ಅಕ್ಷರದ ಬದಲು ಇನ್ನೊಂದು ಬರೆದುಹೋಗಬಹುದು.

ಈ ಕಳ್ಳರು ಹೊರಗಿನಿಂದ ಮಾತ್ರ ಬರುವುದಿಲ್ಲ. ಜೀವಕೋಶದ ಮೈಟೊಕಾಂಡ್ರಿಯಾಗಳಲ್ಲಿ ಅನ್ನವನ್ನು ಆಮ್ಲಜನಕದೊಂದಿಗೆ ಉರಿಸಿ ಶಕ್ತಿ ತೆಗೆಯುವಾಗ ಒಂದಿಷ್ಟು ಎಲೆಕ್ಟ್ರಾನುಗಳು ದಾರಿ ತಪ್ಪಿ ಆಮ್ಲಜನಕಕ್ಕೆ ಅಂಟಿ ಸೂಪರಾಕ್ಸೈಡ್ ಆಗುತ್ತದೆ. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್. ಅದಕ್ಕೆ ಬಿಡಿಯಾದ ಕಬ್ಬಿಣ ಸಿಕ್ಕರೆ ಎಲ್ಲಕ್ಕಿಂತ ಉಗ್ರವಾದ ಹೈಡ್ರಾಕ್ಸಿಲ್. ಸಿಗರೇಟಿನ ಹೊಗೆ, ಎಕ್ಸ್‌ರೇ, ಕೆಲವು ಔಷಧಗಳು ಇದಕ್ಕೆ ತಮ್ಮ ಪಾಲು ಸೇರಿಸುತ್ತವೆ. ಹುಟ್ಟುವ ಕಳ್ಳರ ಸಂಖ್ಯೆ ಹಿಡಿಯುವ ಪೊಲೀಸರ ಶಕ್ತಿಯನ್ನು ಮೀರಿದ ಸ್ಥಿತಿಯೇ ಆಕ್ಸಿಡೇಟಿವ್ ಸ್ಟ್ರೆಸ್. ಜರ್ಮನಿಯ ಹೆಲ್ಮುಟ್ ಸೀಸ್ ಅವರು 1985ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ನಾವು ಇದಕ್ಕೆ ಉತ್ಕರ್ಷಣದ ಒತ್ತಡ ಎನ್ನೋಣ.

ಇನ್ನು ಪೊಲೀಸರು. 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ ಒಂದು ಕಿಣ್ವದ ಕೆಲಸವನ್ನು ಕಂಡುಹಿಡಿದರು. ಸೂಪರಾಕ್ಸೈಡನ್ನು ಹಿಡಿದು ಹೈಡ್ರೋಜನ್ ಪೆರಾಕ್ಸೈಡ್ ಮಾಡುವುದಷ್ಟೇ ಅದರ ಕೆಲಸ. ದೇಹ ಇಂಥದೊಂದು ಕಿಣ್ವವನ್ನು ಇಟ್ಟುಕೊಂಡಿದೆ ಎಂದರೆ ಆ ಶತ್ರುವೂ ಒಳಗೇ ಹುಟ್ಟುತ್ತಿದೆ ಎಂದಾಯಿತಲ್ಲ? ಅಲ್ಲಿಂದ ಮುಂದೆ ಈ ಶಾಸ್ತ್ರ ಬಹಳ ಬೆಳೆಯಿತು. ಹುಟ್ಟಿದ ಪೆರಾಕ್ಸೈಡನ್ನು ನೀರು ಮಾಡಲು ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವ ಇದೆ. ಆಟವಾಡುವಾಗ ಮೊಣಕಾಲು ಕೆತ್ತಿಕೊಂಡಾಗ ಗಾಯಕ್ಕೆ ಪೆರಾಕ್ಸೈಡ್ ಹಾಕಿದರೆ ಬಿಳಿ ನೊರೆ ಏಳುವುದನ್ನು ನೋಡಿದ್ದೀರಲ್ಲ, ಅದು ಕ್ಯಾಟಲೇಸ್ ಕೆಲಸ ಮಾಡಿದ ಗುರುತು. 1946ರಲ್ಲಿ ಜಪಾನಿನ ತಕಹಾರಾ ಎಂಬ ವೈದ್ಯರು ಬಾಯಿ ಕೊಳೆತ ಒಬ್ಬ ಹುಡುಗಿಯ ಗಾಯಕ್ಕೆ ಪೆರಾಕ್ಸೈಡ್ ಹಾಕಿದಾಗ ನೊರೆ ಏಳಲೇ ಇಲ್ಲ, ರಕ್ತ ಕಪ್ಪಗಾಯಿತು. ಆ ಹುಡುಗಿಗೆ ಹುಟ್ಟಿನಿಂದಲೇ ಕ್ಯಾಟಲೇಸ್ ಇರಲಿಲ್ಲ.

ನಮ್ಮ ಕಥೆಗೆ ಮುಖ್ಯವಾದವನು ಮೂರನೆಯವನು, ಗ್ಲುಟಾಥಯೋನ್ ಎಂಬ ಪುಟ್ಟ ಅಣು. ತನ್ನ ಎಲೆಕ್ಟ್ರಾನನ್ನು ಕೊಟ್ಟು ಪೆರಾಕ್ಸೈಡನ್ನು ಶಾಂತಗೊಳಿಸುತ್ತದೆ. ಕೊಟ್ಟ ಮೇಲೆ ತಾನು ಖಾಲಿ. ಊರಿನಲ್ಲಿ ಬಣವೆಗೆ ಬೆಂಕಿ ಬಿದ್ದಾಗ ಜನ ಬಾವಿಯಿಂದ ಬಣವೆಯವರೆಗೆ ಸಾಲಾಗಿ ನಿಂತು ಕೊಡ ದಾಟಿಸುತ್ತಾರೆ. ತುಂಬಿದ ಕೊಡ ಬೆಂಕಿಯ ಕಡೆಗೆ, ಖಾಲಿ ಕೊಡ ಬಾವಿಯ ಕಡೆಗೆ. ಗ್ಲುಟಾಥಯೋನ್ ಎಂದರೆ ಆ ಕೊಡ. ಅದನ್ನು ಮತ್ತೆ ತುಂಬುವ ನೀರಿಗೆ ಎನ್‌ಎಡಿಪಿಎಚ್ ಎಂದು ಹೆಸರು. ಬೇರೆ ಜೀವಕೋಶಗಳಿಗೆ ಈ ನೀರಿನ ಬಾವಿಗಳು ಎರಡು ಮೂರಿವೆ. ಕೆಂಪು ರಕ್ತಕಣಕ್ಕೆ ಒಂದೇ ಬಾವಿ. ಹಿಮೋಗ್ಲೋಬಿನ್ ತುಂಬಿಕೊಳ್ಳಲೆಂದು ಅದು ತನ್ನ ಕೋಶಕೇಂದ್ರವನ್ನೂ ಮೈಟೊಕಾಂಡ್ರಿಯಾಗಳನ್ನೂ ಹೊರಗೆಸೆದು ಬಂದ ಜೀವ. 120 ದಿನ ಆಮ್ಲಜನಕವನ್ನು ಹೊತ್ತು ತಿರುಗಬೇಕು, ಕೆಟ್ಟುಹೋದ ಕಿಣ್ವವನ್ನು ಹೊಸದಾಗಿ ಮಾಡಿಕೊಳ್ಳುವ ಶಕ್ತಿಯಿಲ್ಲ. ಆ ಒಂದೇ ಬಾವಿಯಲ್ಲಿ ಹಗ್ಗ ಹಿಡಿದು ಸೇದುವವನ ಹೆಸರು ಜಿ6ಪಿಡಿ. ಹೆಸರು ಮೋಟಾರು ಗಾಡಿಯ ನಂಬರಿನಂತಿದ್ದರೂ ಅದೊಂದು ಕಿಣ್ವ.

ನಮ್ಮ ಕೂಸಿಗೆ ಹುಟ್ಟಿನಿಂದಲೇ ಈ ಸೇದುವವನ ಕೈ ಸೋತಿತ್ತು. ಸಾಮಾನ್ಯ ದಿನಗಳಲ್ಲಿ ಅದು ಗೊತ್ತಾಗುವಂತಿರಲಿಲ್ಲ; ಸಣ್ಣ ಬೆಂಕಿಗೆ ಒಂದೆರಡು ಕೊಡ ಸಾಕು. ನಾಫ್ತಲೀನ್ ಆವಿಯಾಗಿ ಉಸಿರಿನಿಂದ ಒಳಗೆ ಹೋಯಿತು. ಎಣ್ಣೆಯಲ್ಲಿ ಕರಗುವ ವಸ್ತುವಾದ್ದರಿಂದ ಎಣ್ಣೆ ಹಚ್ಚಿದ ಎಳೆಯ ಚರ್ಮದಿಂದಲೂ ಹೋಯಿತು. ಯಕೃತ್ತು ಅದನ್ನು ಬದಲಾಯಿಸಿದಾಗ ಹುಟ್ಟಿದ ವಸ್ತುಗಳು ರಕ್ತಕಣದೊಳಗೆ ಬೆಂಕಿ ಹಚ್ಚಿದವು. ಕೊಡಗಳೆಲ್ಲ ಖಾಲಿಯಾದವು. ಹಿಮೋಗ್ಲೋಬಿನ್ ಮುದ್ದೆಯಾಗಿ ಕಣದ ಪದರಕ್ಕೆ ಅಂಟಿಕೊಂಡಿತು. ಈ ಮುದ್ದೆಗಳಿಗೆ, ಮೊದಲು ಗುರುತಿಸಿದವರ ಹೆಸರಿನಿಂದ, ಹೈಂಜ್ ಕಾಯಗಳು ಎನ್ನುತ್ತಾರೆ. ಗುಲ್ಮವು ಅಂಥ ಕಣಗಳನ್ನು ಹಿಡಿದು ಮುದ್ದೆಯಿರುವ ಭಾಗವನ್ನು ಕಿತ್ತು ಬಿಡುತ್ತದೆ. ಮರುದಿನ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನನಗೆ ತೋರಿಸಿದಾಗ ಕೆಲವು ಕಣಗಳು ಯಾರೋ ಒಂದು ತುತ್ತು ಕಚ್ಚಿ ಇಟ್ಟ ರೊಟ್ಟಿಯ ಹಾಗೆ ಕಾಣುತ್ತಿದ್ದವು. ಹಾಗೆ ಒಡೆದ ರಕ್ತದ ಬಣ್ಣವೇ ಮೈಗೆ ಹಳದಿ, ಮೂತ್ರಕ್ಕೆ ಕಪ್ಪು.

ಡಾಕ್ಟರು ಜಿ6ಪಿಡಿ ಪರೀಕ್ಷೆಯನ್ನು ಅಂದೇ ಮಾಡಿಸಲಿಲ್ಲ, ಮೂರು ತಿಂಗಳು ಬಿಟ್ಟು ಮಾಡಿಸಿದರು. ಹಳೆಯ ಕಣಗಳೆಲ್ಲ ಒಡೆದ ಮೇಲೆ ಉಳಿಯುವುದು ಹೊಸ ಕಣಗಳು, ಅವುಗಳಲ್ಲಿ ಈ ಕಿಣ್ವ ಸ್ವಲ್ಪ ಹೆಚ್ಚೇ ಇರುತ್ತದೆ. ಮೇಲಾಗಿ ಈ ಮಗುವಿಗೆ ಬೇರೆಯವರ ರಕ್ತವೂ ಹೋಗಿತ್ತು. ಆಗಲೇ ನೋಡಿದರೆ ಎಲ್ಲ ಸರಿಯಿದೆ ಎಂಬ ಸುಳ್ಳು ಉತ್ತರ ಬರಬಹುದು. ಮೂರು ತಿಂಗಳ ನಂತರ ಬಂದ ಉತ್ತರ ಖಚಿತವಾಗಿತ್ತು.

ಈ ಕೊರತೆ ಅಪರೂಪದ್ದೇನಲ್ಲ. ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಿಗೆ ಇದೆಯೆಂದು ಅಂದಾಜು. ಮುಂಬಯಿಯ ಪಾರ್ಸಿ ಸಮಾಜದಲ್ಲಿ, ದೇಶದ ಹಲವು ಆದಿವಾಸಿ ಸಮುದಾಯಗಳಲ್ಲಿ ಹೆಚ್ಚು. ಎಕ್ಸ್ ವರ್ಣತಂತುವಿನ ಮೇಲಿರುವ ಗುಣವಾದ್ದರಿಂದ ತಾಯಿಯಿಂದ ಮಗನಿಗೆ ಬರುತ್ತದೆ. ಹೆಣ್ಣುಮಕ್ಕಳು ಹೆಚ್ಚಾಗಿ ಅದನ್ನು ಹೊತ್ತು ದಾಟಿಸುವವರು. (ಇದನ್ನು ಕೇಳಿ ನನ್ನ ಸೊಸೆಯಂಥ ಆ ಹುಡುಗಿ ಎಷ್ಟು ಅತ್ತಳೆಂದರೆ, ವಿಜ್ಞಾನವನ್ನು ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಎಂಬುದನ್ನು ನಾನು ಅಂದು ಕಲಿತೆ.) ಮಲೇರಿಯಾ ಹೆಚ್ಚಾಗಿದ್ದ ನಾಡುಗಳಲ್ಲೇ ಇದೂ ಹೆಚ್ಚು. ಒಳಗೆ ಒತ್ತಡವಿರುವ ರಕ್ತಕಣದಲ್ಲಿ ಮಲೇರಿಯಾದ ಪರಾವಲಂಬಿ ಚೆನ್ನಾಗಿ ಬೆಳೆಯಲಾರದು. ಯಾವುದೋ ಮುತ್ತಜ್ಜನನ್ನು ಮಲೇರಿಯಾದಿಂದ ಉಳಿಸಿದ ಗುಣವೇ ಮರಿಮಗನಿಗೆ ಡಾಂಬರ ಗುಳಿಗೆಯ ಮುಂದೆ ಸೋಲಾಯಿತು. ಕೊರತೆ ಪತ್ತೆಯಾದದ್ದೂ ಮಲೇರಿಯಾದಿಂದಲೇ. ಪ್ರಿಮಾಕ್ವಿನ್ ಎಂಬ ಮಲೇರಿಯಾದ ಔಷಧ ಕೊಟ್ಟಾಗ ಕೆಲವರ ರಕ್ತ ಮಾತ್ರ ಏಕೆ ಒಡೆಯುತ್ತದೆ ಎಂದು ಹುಡುಕುತ್ತ ಹೋದ ಅಮೆರಿಕದ ಸಂಶೋಧಕರು 1956ರಲ್ಲಿ ಈ ಕಿಣ್ವವನ್ನು ತಲುಪಿದರು.

ಈಗ ಕಥೆಯ ಮುಂದಿನ ಭಾಗ. ಆ ಕೂಸು ಈಗ ಇಪ್ಪತ್ತರ ತರುಣ, ನಿಮ್ಮ ಓರಗೆಯವನು. ಇಂಜಿನಿಯರಿಂಗ್ ಓದುತ್ತಾನೆ, ಜಿಮ್ಮಿಗೆ ಹೋಗುತ್ತಾನೆ, ಕನ್ನಡ ಮಾತಾಡುತ್ತಾನೆ, ಓದಲು ಮಾತ್ರ ಅಕ್ಷರ ಅಕ್ಷರ ಕೂಡಿಸುತ್ತಾನೆ. ಕಳೆದ ಗಣೇಶ ಚೌತಿಗೆ ನಮ್ಮ ಮನೆಗೆ ಬಂದಾಗ ಬ್ಯಾಗಿನಿಂದ ಎರಡು ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಒಂದರಲ್ಲಿ 1000 ಮಿಲಿಗ್ರಾಮಿನ ವಿಟಮಿನ್ ಸಿ ಮಾತ್ರೆ. ದಿನಕ್ಕೆ ನಾಲ್ಕು ತೆಗೆದುಕೊಳ್ಳಲು ಜಿಮ್ಮಿನ ಗೆಳೆಯರು ಹೇಳಿದ್ದರಂತೆ. ಇನ್ನೊಂದರಲ್ಲಿ ವಿಟಮಿನ್ ಇ. ಎರಡರ ಮೇಲೂ ದೊಡ್ಡದಾಗಿ ಆಂಟಿ ಆಕ್ಸಿಡೆಂಟ್ ಎಂದು ಬರೆದಿತ್ತು.

“ಅಜ್ಜಾ, ನೀವ ಹೇಳಿದ್ರಲ್ಲ, ನನ್ನ ರಕ್ತಕ್ಕ ಆಕ್ಸಿಡೇಶನ್ ತಡಕೊಳ್ಳೋ ಶಕ್ತಿ ಕಡಿಮಿ ಅಂತ. ಹಂಗಿದ್ರ ಇವು ಎಲ್ಲಾರಿಗಿಂತ ನನಗ ಹೆಚ್ಚು ಬೇಕಲ್ಲ?”

ಎಂಥ ಒಳ್ಳೆಯ ಪ್ರಶ್ನೆ ನೋಡಿ! ನನ್ನ ವಿದ್ಯಾರ್ಥಿಗಳು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದೆ. ಅವನಿಗೆ ಮಾತ್ರ ಮೊದಲು ಡಬ್ಬಿ ಮುಚ್ಚು ಎಂದೆ.

ವಿಟಮಿನ್ ಸಿ ಕೆಟ್ಟದ್ದಲ್ಲ. ಹಂಗೇರಿಯ ಸೆಂಟ್‌ಜ್ಯೋರ್ಜಿ ಎಂಬ ವಿಜ್ಞಾನಿ ತಮ್ಮ ಸೆಗೆಡ್ ಊರಿನ ಪಾಪ್ರಿಕಾ ಮೆಣಸಿನಕಾಯಿಯಿಂದ ಅದನ್ನು ರಾಶಿ ರಾಶಿಯಾಗಿ ತೆಗೆದು 1937ರಲ್ಲಿ ನೊಬೆಲ್ ಪಡೆದರು. ಆ ಮೆಣಸು ನಮ್ಮ ಬ್ಯಾಡಗಿ ಮೆಣಸಿನಕಾಯಿಯ ದಾಯಾದಿ. ಜೀವಕೋಶದ ಪದರದಲ್ಲಿ ಕೂತ ವಿಟಮಿನ್ ಇ ಕಳ್ಳತನದ ಸರಪಳಿಯನ್ನು ನಡುವೆ ಕಡಿಯುತ್ತದೆ, ಕಡಿದು ಸೋತ ವಿಟಮಿನ್ ಇಗೆ ವಿಟಮಿನ್ ಸಿ ಮತ್ತೆ ಜೀವ ಕೊಡುತ್ತದೆ. ಇದೆಲ್ಲ ನಿಜ. ಆದರೆ ಹಾಗೆ ಕೊಟ್ಟ ಮೇಲೆ ವಿಟಮಿನ್ ಸಿಯೂ ಖಾಲಿಯಾಗುತ್ತದೆ. ರಕ್ತಕಣದಲ್ಲಿ ಅದು ಯಾರ ಹತ್ತಿರ ತುಂಬಿಸಿಕೊಳ್ಳಬೇಕು? ಅದೇ ಗ್ಲುಟಾಥಯೋನ್ ಹತ್ತಿರ, ಅಂದರೆ ಅದೇ ಬಾವಿ, ಅದೇ ಸೋತ ಕೈ. ಊಟದಲ್ಲಿ ಬರುವಷ್ಟು ವಿಟಮಿನ್ ಸಿಗೆ ಆ ಕೈ ಸಾಲುತ್ತದೆ. ಸಾಲು ಸಾಲು ಖಾಲಿ ಕೊಡಗಳು ಒಟ್ಟಿಗೇ ಬಂದರೆ? ಅಷ್ಟೇ ಅಲ್ಲ, ಅತಿಯಾದ ಪ್ರಮಾಣದಲ್ಲಿ, ಕಬ್ಬಿಣ ತಾಮ್ರಗಳ ಸಂಗಡ ಸೇರಿದಾಗ, ವಿಟಮಿನ್ ಸಿ ತಾನೇ ಪೆರಾಕ್ಸೈಡ್ ಹುಟ್ಟಿಸುತ್ತದೆ. ಆರಿಸಲು ಬಂದವನೇ ಕಡ್ಡಿ ಗೀರಿದಂತೆ. ಸುಟ್ಟಗಾಯದ ಒಬ್ಬ ರೋಗಿಗೆ ರಕ್ತನಾಳದ ಮೂಲಕ ಎರಡು ದಿನ 80 ಗ್ರಾಮಿನಂತೆ ವಿಟಮಿನ್ ಸಿ ಕೊಟ್ಟು, ಅವನಿಗೆ ಜಿ6ಪಿಡಿ ಕೊರತೆ ಇದ್ದುದರಿಂದ ರಕ್ತ ಒಡೆದು ಸತ್ತದ್ದನ್ನು ಅಮೆರಿಕದ ವೈದ್ಯರು 1975ರಲ್ಲಿಯೇ ವರದಿ ಮಾಡಿದ್ದಾರೆ. ಅದು ವಿಪರೀತದ ಪ್ರಮಾಣ, ನಾಲ್ಕು ಮಾತ್ರೆಗೂ ಅದಕ್ಕೂ ಹೋಲಿಕೆಯಿಲ್ಲ. ಆದರೂ ಈ ಹುಡುಗ ವೈದ್ಯರನ್ನು ಕೇಳದೆ ಆ ದಾರಿಯಲ್ಲಿ ಒಂದು ಹೆಜ್ಜೆಯನ್ನೂ ಇಡಬಾರದು.

“ಹಂಗಾರ ನನ್ನ ಗೆಳೆಯರು ತಗೋಬಹುದೇನು? ಅವರಿಗೆ ಈ ತೊಂದರಿ ಇಲ್ಲಲ್ಲ.”

ಈ ಪ್ರಶ್ನೆ ನಿಮ್ಮದೂ ಹೌದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಹಣ್ಣು ತರಕಾರಿ ಚೆನ್ನಾಗಿ ತಿನ್ನುವವರಿಗೆ ಕ್ಯಾನ್ಸರ್, ಹೃದಯರೋಗ ಕಡಿಮೆ ಎಂಬುದು ಬಹಳ ಕಾಲದಿಂದ ಕಂಡುಬಂದಿತ್ತು. ಅವುಗಳಲ್ಲಿ ಉತ್ಕರ್ಷಣವನ್ನು ತಡೆಯುವ ವಸ್ತುಗಳಿವೆ. ಹಾಗಾದರೆ ಆ ವಸ್ತುಗಳನ್ನೇ ಗುಳಿಗೆ ಮಾಡಿ ಕೊಟ್ಟರಾಯಿತಲ್ಲ? ಫಿನ್‌ಲ್ಯಾಂಡಿನಲ್ಲಿ 29,133 ಜನ ಧೂಮಪಾನಿ ಗಂಡಸರ ಮೇಲೆ ಇದನ್ನು ಪರೀಕ್ಷಿಸಿದರು. ಕೆಲವರಿಗೆ ಬೀಟಾ ಕ್ಯಾರೊಟಿನ್ (ಗಜ್ಜರಿಗೆ ಬಣ್ಣ ಕೊಡುವ ವಸ್ತು), ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಬರೀ ಹುಸಿ ಮಾತ್ರೆ. ಐದರಿಂದ ಎಂಟು ವರ್ಷ ನಡೆಸಿ 1994ರಲ್ಲಿ ಲೆಕ್ಕ ತೆಗೆದಾಗ ಎಲ್ಲರೂ ಬೆಚ್ಚಿದರು. ಬೀಟಾ ಕ್ಯಾರೊಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಧೂಮಪಾನಿಗಳು ಮತ್ತು ಆಸ್ಬೆಸ್ಟಾಸಿನಲ್ಲಿ ದುಡಿದವರು ಸೇರಿ 18,314 ಜನರ ಮೇಲೆ ನಡೆಯುತ್ತಿದ್ದ ಇಂಥದೇ ಪ್ರಯೋಗವನ್ನು 1996ರ ಜನವರಿಯಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಅಲ್ಲಿ ಹೆಚ್ಚಳ ಶೇಕಡಾ 28. ಆಮೇಲೆ 35,533 ಗಂಡಸರ ಮೇಲೆ ವಿಟಮಿನ್ ಇ, ಸೆಲೆನಿಯಂಗಳ ಪರೀಕ್ಷೆ ನಡೆಯಿತು. 2011ರಲ್ಲಿ ಹೊರಬಂದ ಲೆಕ್ಕದಲ್ಲಿ, ವಿಟಮಿನ್ ಇ ಮಾತ್ರ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17ರಷ್ಟು ಹೆಚ್ಚು.

ಮನುಷ್ಯರಿಗೆ ಒಳ್ಳೆಯದಾಗಲೆಂದೇ ಹೊರಟವರು ಇಂಥ ಉತ್ತರವನ್ನು ಮುಚ್ಚಿಡದೆ ಪ್ರಕಟಿಸಿದರು ಎಂಬುದು ನನಗೆ ದೊಡ್ಡ ಮಾತಾಗಿ ಕಾಣುತ್ತದೆ.

ಜಿಮ್ಮಿಗೆ ಹೋಗುವವರಿಗೆ ಇನ್ನೊಂದು. ವ್ಯಾಯಾಮ ಮಾಡುವಾಗ ಸ್ನಾಯುಗಳಲ್ಲಿ ಫ್ರೀ ರ್‍ಯಾಡಿಕಲ್ಲುಗಳು ಹುಟ್ಟುತ್ತವೆ, ಅದಕ್ಕಾಗಿ ಮಾತ್ರೆ ಎನ್ನುವುದು ಜಾಹೀರಾತಿನ ವಾದ. 2009ರಲ್ಲಿ ಜರ್ಮನಿಯ ಸಂಶೋಧಕರು ತರುಣರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿ, ಅವರಲ್ಲಿ ಅರ್ಧ ಜನಕ್ಕೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ ಕೊಟ್ಟರು. ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಲಾಭ ಸಿಕ್ಕಿದ್ದು ಮಾತ್ರೆ ತೆಗೆದುಕೊಳ್ಳದವರಿಗೆ! ಸ್ನಾಯುವಿನಲ್ಲಿ ಹುಟ್ಟುವ ಆ ಚೂರು ಬೆಂಕಿಯೇ ದೇಹಕ್ಕೆ ಕರೆಗಂಟೆ. ಅದನ್ನು ಕೇಳಿಯೇ ದೇಹ ತನ್ನ ಕಿಣ್ವಗಳ ಪಡೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಮಾತ್ರೆ ಆ ಗಂಟೆಯ ಬಾಯಿಗೆ ಬಟ್ಟೆ ತುರುಕಿತು. ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದೂ ಸೂಪರಾಕ್ಸೈಡಿನ ಸಹಾಯದಿಂದಲೇ. ಅದನ್ನು ತಯಾರಿಸಲಾಗದ ಮಕ್ಕಳು ಮೇಲಿಂದ ಮೇಲೆ ಸೋಂಕಿಗೆ ಬೀಳುತ್ತಾರೆ. ಒಲೆಯ ಬೆಂಕಿಯನ್ನು ಪೂರ್ತಿ ಆರಿಸಿದರೆ ಅಡಿಗೆ ಹೇಗೆ ಆದೀತು?

ಹಾಗಾದರೆ ತಿನ್ನಬೇಕಾದದ್ದು ಏನು ಎಂದರೆ ನಾನು ಹೇಳುವುದೆಲ್ಲ ನಿಮ್ಮ ಅಜ್ಜಿಗೆ ಗೊತ್ತಿರುವುದೇ: ನೆಲ್ಲಿಕಾಯಿ, ಪೇರಲ, ಸೊಪ್ಪಿನ ಪಲ್ಯ, ಗಜ್ಜರಿ ಕೋಸಂಬರಿ, ಊಟಕ್ಕೆ ಮೇಲಿಂದ ಹಿಂಡಿದ ಲಿಂಬೆ. ಸಸ್ಯಗಳ ಒಗರು ಕಹಿಗಳಲ್ಲಿರುವ ಹಲವು ವಸ್ತುಗಳು ನೇರವಾಗಿ ಕಳ್ಳರನ್ನು ಹಿಡಿಯುವುದಕ್ಕಿಂತ, ಜೀವಕೋಶವನ್ನು ಸ್ವಲ್ಪ ಚಿವುಟಿ ತನ್ನ ಪೊಲೀಸರನ್ನು ತಾನೇ ಎಬ್ಬಿಸುವಂತೆ ಮಾಡುತ್ತವೆ ಎಂಬುದು ಇತ್ತೀಚಿನ ತಿಳಿವಳಿಕೆ. ಡಬ್ಬಿಗಳ ಮೇಲೆ ಆಂಟಿ ಆಕ್ಸಿಡೆಂಟ್ ಶಕ್ತಿಯ ಅಂಕಿಗಳನ್ನು ಕಂಡರೆ ಮರುಳಾಗಬೇಡಿ. ಪ್ರಯೋಗನಾಳದಲ್ಲಿ ಅಳೆದ ಅಂಥ ಅಂಕಿಗಳ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ಹಿಂದಕ್ಕೆ ಪಡೆಯಿತು. ನಾಳದಲ್ಲಿ ನಡೆದದ್ದು ಮೈಯಲ್ಲಿ ನಡೆಯುತ್ತದೆಂಬ ಖಾತ್ರಿಯಿಲ್ಲ. ನಿಜವಾದ ಕೊರತೆಯಿದ್ದು ವೈದ್ಯರು ವಿಟಮಿನ್ ಬರೆದುಕೊಟ್ಟರೆ ಅದು ಬೇರೆ ಮಾತು, ತಪ್ಪದೆ ತೆಗೆದುಕೊಳ್ಳಿ. ಸಿಗರೇಟು ಸೇದುತ್ತ ವಿಟಮಿನ್ ನುಂಗುವವರಿಗೆ ಫಿನ್‌ಲ್ಯಾಂಡಿನ ಲೆಕ್ಕ ಮೇಲೆಯೇ ಇದೆ.

ನಿಮ್ಮಲ್ಲಿ ಹಲವರ ಮನೆಗಳಲ್ಲಿ ಇನ್ನು ಕೆಲವು ವರ್ಷಗಳಲ್ಲಿ ತೊಟ್ಟಿಲು ಕಟ್ಟುವ ದಿನ ಬರುತ್ತದೆ. ಊರಿನಿಂದ ಟ್ರಂಕು ಬಂದೀತು. ಹುಟ್ಟಿದ ಮಗುವಿನ ಕೋಣೆಯಲ್ಲಿ, ಬಟ್ಟೆಯಲ್ಲಿ ಯಾವ ಬಿಳಿ ಗುಳಿಗೆಯೂ ಬೇಡ. ಗುಳಿಗೆ ತೆಗೆದು ಕೊಡವಿದರೆ ಸಾಲದು. ಬಟ್ಟೆಯನ್ನು ಒಗೆದು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗೆ ಹಾಕಿ, ಆಮೇಲೆ ಮಗುವಿನ ಹತ್ತಿರ ತನ್ನಿ. ನುಸಿಗೆ ಒಣಗಿದ ಬೇವಿನೆಲೆ ಇಡುವ ರೂಢಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಎಳೆಗೂಸಿನ ಕೈಗೆ ಚೆಂದಕ್ಕೆಂದು ಮೆಹಂದಿ ಹಚ್ಚುವುದೂ ಬೇಡ. ಜಿ6ಪಿಡಿ ಕೊರತೆಯಿದ್ದರೆ ಅದೂ ಇದೇ ಕೆಲಸ ಮಾಡುತ್ತದೆ. ನಮ್ಮ ದೇಶದಲ್ಲಿ ಎಲ್ಲ ಆಸ್ಪತ್ರೆಗಳಲ್ಲೂ ಹುಟ್ಟಿದ ಕೂಡಲೇ ಈ ಪರೀಕ್ಷೆ ಮಾಡುವ ಪದ್ಧತಿ ಇಲ್ಲ. ಮನೆತನದಲ್ಲಿ ಯಾರಿಗಾದರೂ ಇಂಥ ಕಾಮಾಲೆ ಬಂದಿದ್ದರೆ ನೀವೇ ಬಾಯಿಬಿಟ್ಟು ಕೇಳಬೇಕು.

ನಮ್ಮ ಹುಡುಗನ ಪಾಕೀಟಿನಲ್ಲಿ ಒಂದು ಚೀಟಿ ಇರುತ್ತದೆ. ಅವನು ಶಾಲೆಗೆ ಸೇರಿದ ವರ್ಷ ಅವರಮ್ಮ ಬರೆದು ಪ್ಲಾಸ್ಟಿಕ್ ಹಾಕಿಸಿದ್ದು. ಪ್ರಿಮಾಕ್ವಿನ್, ಡ್ಯಾಪ್ಸೋನ್, ನೈಟ್ರೋಫ್ಯುರಾಂಟೋಯಿನ್, ನಾಫ್ತಲೀನ್, ಬಾಕಲಾ ಬೀನ್ಸ್. (ಬಾಕಲಾ ಎಂದರೆ ನಮ್ಮ ಅವರೆಕಾಳಲ್ಲ, ಅದು ಬೇರೆ ಗಿಡ. ಹಿತಕಿದ ಅವರೆಯ ಸಾರನ್ನು ಅವನು ಎರಡು ಬಟ್ಟಲು ಕುಡಿಯುತ್ತಾನೆ.) ಅಂದು ಊಟವಾದ ಮೇಲೆ ಅವನು ಚೀಟಿಯನ್ನು ಹೊರತೆಗೆದು, ನನ್ನ ಪೆನ್ನು ಇಸಿದುಕೊಂಡು, ಹಿಂಬದಿಯಲ್ಲಿ ಒಂದು ಸಾಲು ಸೇರಿಸಿದ. ಕನ್ನಡದಲ್ಲಿ ಬರೆಯಲು ಪ್ರಯತ್ನಿಸಿದ. ‘ವಿಟಮಿನ್ ಸಿ ಮಾತ್ರಿ, ದೊಡ್ಡ ಡೋಸ್, ಡಾಕ್ಟರಿಗೆ ಕೇಳದೇ ಬ್ಯಾಡ.’ ಡೋಸ್ ಎಂಬುದರ ಕೊಂಬು ತಪ್ಪಾಗಿತ್ತು, ತಿದ್ದಿಕೊಟ್ಟೆ.

ಹೋಗುವಾಗ ಬಾಗಿಲಲ್ಲಿ ನಿಂತು, ಆ ಕೌದಿ ಈಗ ಎಲ್ಲಿದೆ ಎಂದು ಕೇಳಿದ. ನನ್ನ ತಂಗಿ ಅದನ್ನು ಎಸೆಯಲಿಲ್ಲ. ಆರೇಳು ಸಲ ಒಗೆದು, ಧಾರವಾಡದ ಮನೆಯ ಮಾಳಿಗೆಯ ಮೇಲೆ ಒಂದಿಡೀ ಬೇಸಿಗೆ ಬಿಸಿಲಿಗೆ ಹಾಕಿದ್ದಳು. ಈಗ ಅವಳೇ ಹೊದ್ದುಕೊಳ್ಳುತ್ತಾಳೆ.